ಟವೆಲ್ಲಿನ ಕೆಳಗೆ ಹೋದ ಹೆಸರು

ನನಗೆ ಮೊಮ್ಮಗಳು ಹುಟ್ಟಿದ ದಿನ ಇಡೀ ಬೈಲಹೊಂಗಲದಲ್ಲಿ ನನ್ನಷ್ಟು ಶಾಣ್ಯಾ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಾಗಂತ ಬೇರೆ ಯಾರೂ ಹೇಳಲಿಲ್ಲ, ನನಗೇ ಅನಿಸಿತು. ಮಗಳು ಶಾಂತಾಳ ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಕೂಸು! ದವಾಖಾನೆಯ ನರ್ಸಬಾಯಿ ಹೊರಗೆ ಬಂದು ಹೇಳಿದ್ದೇ ತಡ, ಎರಡು ಕಿಲೋ ಪೇಢೆ ತಂದು ಹಂಚಿದೆ. ಪೇಢೆ ಮುಗಿಯಿತು, ಸಂತೋಷ ಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ, ಹೊರಡಲು ನಿಂತಿದ್ದ ಸವದತ್ತಿ ಬಸ್ಸು ಹತ್ತಿ, "ನನಗ ಮೊಮ್ಮಗಳ ಹುಟ್ಟ್ಯಾಳ್ರಿ!" ಎಂದು ಕಂಡಕ್ಟರನಿಗೆ ಹೇಳಿದೆ. ಅವನು, "ಛಲೋ ಆತ್ರಿ, ಟಿಕೀಟ ಎಲ್ಲಿಗಿ?" ಎಂದ. ಇಳಿದು ಬಂದೆ.

ಈ ಕೂಸಿಗಾಗಿ ನನ್ನ ಹೆಂಡತಿ ಗೌರವ್ವ ಎಂಟು ವರ್ಷ ಶುಕ್ರವಾರ ಒಪ್ಪತ್ತು ಮಾಡಿದ್ದಳು. ನಾವು ಬಡಿಗತನದವರು. ಸಿರಸಂಗಿಯ ಕಾಳವ್ವ ನಮ್ಮ ಕುಲದೇವತೆ. "ಹೆಣ್ಣ ಹುಟ್ಟಿದ್ರ ನಿನ್ನ ಹೆಸರ ಇಡತೇನಿ ತಾಯಿ" ಎಂದು ಗೌರವ್ವ ಗುಡಿಯ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳು. ರೂಢಿಯಂತೆ ಹೆಸರಿಡುವ ಹಕ್ಕು ಗಂಡಿನ ಮನೆಯವರದು. ಆದರೆ ರಾಮದುರ್ಗದ ನಮ್ಮ ಬೀಗರು ರುದ್ರಪ್ಪನವರು, "ಹರಕಿ ಅಂದ ಮ್ಯಾಲ ಮುಗೀತು, ಹೆಸರ ನೀವ ಇಡ್ರಿ" ಎಂದು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದರು. ಹೀಗೆ ಎಲ್ಲವೂ ಸರಿಯಾಗಿತ್ತು. ಕೆಡಿಸಲು ಒಬ್ಬ ಮನುಷ್ಯನ ಕೊರತೆಯಿತ್ತು. ಅದನ್ನು ನಾನು ತುಂಬಿದೆ.

ನನ್ನ ಚಟ ಹಾಕಿ. ಆಡುವ ಚಟವಲ್ಲ, ಆಡಿಸುವ ಚಟ. ನಾನು ಕಲಿತದ್ದು ಮೂರನೇ ಇಯತ್ತೆ, ಸ್ಟಿಕ್ಕು ಹಿಡಿದು ಮೈದಾನಕ್ಕಿಳಿದದ್ದು ಒಮ್ಮೆಯೂ ಇಲ್ಲ. ಆದರೆ ಊರಿನ ತಂಡದ ಮುರಿದ ಸ್ಟಿಕ್ಕುಗಳೆಲ್ಲ ನನ್ನ ಅಂಗಡಿಗೇ ರಿಪೇರಿಗೆ ಬರುತ್ತಿದ್ದವು. ಅಂಟು ಹಚ್ಚಿ, ದಾರ ಸುತ್ತಿ ಕೊಡುತ್ತ ಕೊಡುತ್ತ ನಾನು ತಂಡದ ಹಿರಿಯ ಸಲಹೆಗಾರನಾದೆ. ನೇಮಿಸಿದ್ದೂ ನಾನೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ನಡುವೆ ಆಗ ವರ್ಷಕ್ಕೊಮ್ಮೆ ಪಂದ್ಯ ನಡೆಯುತ್ತಿತ್ತು. ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಆ ಸುಮಾರಿಗೆ ಹಿರಿಯರೆಲ್ಲ ಕೂತು ಒಂದು ಗೆರೆ ಎಳೆದರು. ದುಡ್ಡಿದ್ದವರು ಹುಬ್ಬಳ್ಳಿ, ಬೆಳಗಾವಿಯಿಂದ ಆಟಗಾರರನ್ನು ಕೊಂಡು ತಂದರೆ ಊರ ಹುಡುಗರು ಎಲ್ಲಿ ಆಡಬೇಕು? ಅದಕ್ಕೆ, ಹೊರಗಿನವರ ಮೇಲೆ ಒಂದು ತಂಡ ಒಂದು ಸಾವಿರದ ಒಂದು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು. ಕಾಳು, ಬೆಲ್ಲ, ಬಟ್ಟೆ ಕೊಟ್ಟರೂ ಅದರ ಬೆಲೆ ಹಿಡಿಯಬೇಕು. ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲು ಮಾತ್ರ ಅಡ್ಡಿಯಿಲ್ಲ.

ಅಂದಿನಿಂದ ನನ್ನ ಅಂಗಡಿಯ ಮುಂದಿನ ಹಲಗೆಯ ಮೇಲೆ ಚರ್ಚೆಯೋ ಚರ್ಚೆ! ಯಾರನ್ನು ಬಿಡಬೇಕು, ಯಾರನ್ನು ತರಬೇಕು, ಗೆರೆಯೊಳಗೆ ಇನ್ನೆಷ್ಟು ಜಾಗ ಉಳಿದಿದೆ? ಲಾರಿ ಡ್ರೈವರ್ ಇಮಾಮಸಾಬ ನಮ್ಮ ತಂಡದ ಮ್ಯಾನೇಜರು. ಮೊಮ್ಮಗಳು ಹುಟ್ಟಿದ ಆ ವರ್ಷ ಅವನು ಬಂದು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ.

"ಈರಪ್ಪಣ್ಣಾ, ಧಾರವಾಡದ ಗೋಲ್‌ಕೀಪರ ಒಬ್ಬನ ಮ್ಯಾಲೇನ ಪೂರಾ ಸಾವಿರ ಮುಗೀತು. ಬಸ್ ಚಾರ್ಜು, ಊಟ, ಬೂಟು. ಮ್ಯಾಲ ಒಂದ ರೂಪಾಯಿ ಉಳದೈತಿ."

"ಮುಂದ ಗೋಲ ಹೊಡ್ಯಾವರ ಯಾರು?"

"ಅದನ್ನ ಕೇಳಾಕ ಬಂದೇನಿ. ಒಂದ ರೂಪಾಯಿಗೆ ಯಾರರ ಸೆಂಟರ್ ಫಾರ್ವರ್ಡ್ ಸಿಗತಾನೇನು?"

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಅದು ಹತ್ತದೆ ಇದ್ದಿದ್ದರೆ ಈ ಬರಹ ಬರೆಯುವ ಗತಿ ಬರುತ್ತಿರಲಿಲ್ಲ. ನಮ್ಮ ಬೀಗರು ರುದ್ರಪ್ಪನವರು ರಾಮದುರ್ಗದ ತಂಡದ ಹಿರಿಯರು. ಅವರ ಕಿರಿಯ ಮಗ, ಅಂದರೆ ನಮ್ಮ ಅಳಿಯನ ತಮ್ಮ ಪ್ರಕಾಶ, ಸೆಂಟರ್ ಫಾರ್ವರ್ಡ್. ಆ ತಂಡದಲ್ಲಿ ಅಂಥವರು ಇಬ್ಬರಿದ್ದರು, ಒಬ್ಬರಿಗೊಬ್ಬರು ಚೆಂಡು ಕೊಡುತ್ತಿರಲಿಲ್ಲ. ಅವರಲ್ಲಿ ಇಲ್ಲದ್ದು ಗೋಲಿನ ಮುಂದೆ ನಿಂತು ತಡೆಯುವ ಗಟ್ಟಿ ಫುಲ್‌ಬ್ಯಾಕು. ನಮ್ಮಲ್ಲಿ ಫುಲ್‌ಬ್ಯಾಕು ಬಸ್ಯಾ ಇದ್ದ. ಬಸ್ಯಾನನ್ನು ಕೊಡುವುದು, ಪ್ರಕಾಶನನ್ನು ತರುವುದು!

ಕೂಸು ಹುಟ್ಟಿದ ಆರನೇ ದಿನ ಬೀಗರು ನೋಡಲು ಬಂದರು. ಒಳಗೆ ಗೌರವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೊರಗೆ ಅಂಗಳದಲ್ಲಿ ನಾನು ಮಾತು ತೆಗೆದೆ. ಬೀಗರು ಗಹಗಹಿಸಿ ನಕ್ಕರು.

"ಬೀಗರ, ನಿಮ್ಮ ಬಸ್ಯಾ ಅಂದ್ರ ನಮ್ಮ ಪ್ರಕಾಶನ ಅರ್ಧ ತೂಕ. ಮ್ಯಾಲ ಏನರ ಹಾಕಬೇಕ್ರಿ."

"ಒಂದ ರೂಪಾಯಿ ಐತ್ರಿ."

"ಅದನ್ನ ದೇವರಿಗೆ ಹಾಕ್ರಿ."

ಗುಟ್ಟು ಕಾಂಪೌಂಡು ದಾಟಬಾರದೆಂದು ನಾವು ದನದ ಪ್ಯಾಟಿಯ ಪದ್ಧತಿಯಂತೆ ವ್ಯವಹಾರಕ್ಕೆ ಇಳಿದೆವು. ಟವೆಲ್ಲು ಹೊದಿಸಿ ಕೆಳಗೆ ಕೈಗೆ ಕೈ ಕೊಟ್ಟೆವು. ನಾನು ಅವರ ಎರಡು ಬೆರಳು ಹಿಡಿದೆ. ಅವರು ನನ್ನ ನಾಲ್ಕು ಬೆರಳು ಹಿಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಹೆಬ್ಬೆರಳು ಒತ್ತಿದರು. ಎತ್ತಿನ ವ್ಯಾಪಾರದಲ್ಲಾದರೆ ಒಂದೊಂದು ಬೆರಳಿಗೂ ಬೆಲೆಯಿರುತ್ತದೆ. ನಮ್ಮ ಬೆರಳುಗಳಿಗೆ ಏನು ಬೆಲೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಹತ್ತು ನಿಮಿಷ ಹಿಡಿದುಕೊಂಡು ಕೂತೆವು!

ಕಡೆಗೆ ಬೀಗರು ಕಿವಿಯಲ್ಲಿ ಹೇಳಿದರು: "ಕೂಸಿನ ಹೆಸರ ನಮಗ ಬಿಡ್ರಿ. ನಮ್ಮವ್ವನ ಹೆಸರ ಇಡೂ ಆಸೆ ಐತಿ. ನಿಮ್ಮ ಹರಕಿ ಅಂತ ಸುಮ್ಮನಾಗಿದ್ದೆ."

ಆ ಕ್ಷಣಕ್ಕೆ ನಾನು ಏನು ಯೋಚಿಸಿದೆ ಎಂದು ಕೇಳಬೇಡಿ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೆಸರೆಂದರೆ ಕಾಳಲ್ಲ, ಬೆಲ್ಲವಲ್ಲ, ಬಟ್ಟೆಯಲ್ಲ. ಯಾವ ಹಿರಿಯರೂ ಅದಕ್ಕೆ ಬೆಲೆ ಹಿಡಿಯಲಾರರು. ಗೆರೆಯ ಒಳಗೇ ಇದೆ! ನಾನು ಯೋಚಿಸಿದ್ದು ಇಷ್ಟೇ. ಎಂಟು ವರ್ಷದ ಶುಕ್ರವಾರಗಳು ನೆನಪಿಗೇ ಬರಲಿಲ್ಲ. ಬೀಗರ ಐದೂ ಬೆರಳು ಹಿಡಿದು ಅದುಮಿದೆ. ವ್ಯವಹಾರ ಮುಗಿಯಿತು.

ಅಷ್ಟರಲ್ಲಿ ಗೌರವ್ವ ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದಳು. ಟವೆಲ್ಲು ನೋಡಿದಳು.

"ಏನ್ರಿ ಇದು? ಏನ ಖರೀದಿ ನಡಿಸೀರಿ?"

"ಎಮ್ಮಿ!" ಎಂದೆ.

ಯಾಕೆ ಹಾಗೆಂದೆನೋ ಇಂದಿಗೂ ತಿಳಿಯದು. ಬಾಯಿಗೆ ಬಂದದ್ದು ಎಮ್ಮೆ. ಬೀಗರು ಚಹಾ ಕುಡಿದು, ಮೀಸೆ ಒರೆಸಿಕೊಂಡು, ನಗುತ್ತ ಬಸ್ಸಿಗೆ ಹೋದರು. ಗೌರವ್ವನ ಮುಖ ಮಾತ್ರ ಅರಳಿತು. "ಬಾಣಂತಿ ಹಾಲಿಗೆ ಬೀಗರು ಎಮ್ಮಿ ಕೊಡಾಕತ್ತಾರ? ಎಂಥಾ ಮನಸವ್ವಾ ಅವರದು! ಯಾವಾಗ ತರತಾರಂತ?"

"ಹದಿಮೂರನೇ ದಿನ. ತೊಟ್ಟಿಲಾಗ ಹಾಕೂ ದಿನ."

ಸುಳ್ಳಿಗೂ ತಾರೀಖು ಕೊಟ್ಟುಬಿಟ್ಟೆ! ಮರುದಿನವೇ ಹಿತ್ತಲಿನ ಗೂಟಕ್ಕೆ ಹೊಸ ಹಗ್ಗ ಬಂತು. ಆಮೇಲೆ ಅರ್ಧ ಚೀಲ ಹತ್ತಿಕಾಳು ಬಂತು. ಓಣಿಯ ಹೆಂಗಸರೆಲ್ಲ ಬಂದು ಖಾಲಿ ಗೂಟ ನೋಡಿ ಹೋದರು. "ಯಾವ ಜಾತಿ ಎಮ್ಮಿರಿ?" ಎಂದು ಒಬ್ಬರು ನನ್ನನ್ನೇ ಕೇಳಿದರು. "ಓಡೂ ಜಾತಿ" ಎಂದು ಅಂಗಡಿಗೆ ಓಡಿಹೋದೆ.

ಹನ್ನೊಂದನೇ ದಿನ ಸಂಜೆ ಪ್ರಕಾಶ ಹೆಗಲಿಗೆ ಬ್ಯಾಗು, ಕೈಯಲ್ಲಿ ಸ್ಟಿಕ್ಕು ಹಿಡಿದು ಬಂದ. ಬೀಗರ ಮಗ ನಮ್ಮ ಮನೆಯಲ್ಲಿ ಇಳಿಯದೆ ಬೇರೆಲ್ಲಿ ಇಳಿಯಬೇಕು? ಗೌರವ್ವ ಅವನ ಬೆನ್ನ ಹಿಂದೆ ಹಣಕಿ ನೋಡಿದಳು.

"ಎಮ್ಮಿ ಹಿಂದಿಂದ ಬರಾಕತ್ತೈತೇನೋ ತಮ್ಮಾ?"

"ಯಾವ ಎಮ್ಮಿರಿ ಅತ್ತಿ?"

ನಾನು ಎಷ್ಟು ಜೋರಾಗಿ ಕೆಮ್ಮಿದೆನೆಂದರೆ ಒಳಗೆ ಮಲಗಿದ್ದ ಕೂಸು ಎದ್ದು ಅತ್ತಿತು. ಆ ಗದ್ದಲದಲ್ಲಿ ಎಮ್ಮೆಯ ಮಾತು ಮರೆತುಹೋಯಿತು.

ಮರುದಿನ ಮಧ್ಯಾಹ್ನ ಪಂದ್ಯ. ಬೈಲಹೊಂಗಲ ಮತ್ತು ರಾಮದುರ್ಗ, ನಮ್ಮದೇ ಮೈದಾನ. ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಹೆಂಡತಿಯ ಹೋಳಿಗೆಯನ್ನು ಬಿಟ್ಟು. ಬೀಗರ ಮಗ ಊಟಕ್ಕೆ ಕೂತಿದ್ದಾನೆ. ನಮ್ಮ ಕಡೆ ಬೀಗರಿಗೆ ‘ಸಾಕು’ ಎನ್ನುವ ಅಧಿಕಾರ ಇರುವುದಿಲ್ಲ.

"ಸಾಕ್ರಿ ಅತ್ತಿ."

"ಇದೊಂದ, ಕೂಸಿನ ಹೆಸರಲೇ."

"ಅತ್ತಿ, ಆಟ ಐತ್ರಿ."

"ಉಂಡಾವ ಆಡ್ಯಾನು, ಉಪವಾಸ ಇದ್ದಾವ ಏನ ಆಡ್ಯಾನೋ? ಇದ ನಿಮ್ಮ ಅಣ್ಣನ ಹೆಸರಲೇ."

ಕೂಸಿನ ಹೆಸರಿನಲ್ಲಿ, ಅಣ್ಣನ ಹೆಸರಿನಲ್ಲಿ, ಬಳಗದ ಎಲ್ಲರ ಹೆಸರಿನಲ್ಲಿ ಹನ್ನೊಂದು ಹೋಳಿಗೆ ಬಿದ್ದವು. ಪ್ರತಿಯೊಂದರ ಮೇಲೂ ತುಪ್ಪ. ಬೇಡವೆನ್ನಲು ನಾನು ಬಾಯಿ ತೆರೆದೆ, ನನ್ನ ತಟ್ಟೆಗೂ ಒಂದು ಬಿತ್ತು.

ಆ ದಿನ ಮೈದಾನದಲ್ಲಿ ಪ್ರಕಾಶ ಕರೆಂಟ್ ಕಂಬದಂತೆ ನಿಂತ. ಚೆಂಡು ಬಂದರೆ ಪರಿಚಯದವರನ್ನು ನೋಡಿದಂತೆ ನೋಡುತ್ತಿದ್ದ, ಹೋಗಲು ಬಿಡುತ್ತಿದ್ದ. ಇಮಾಮಸಾಬ ನನ್ನ ಕಡೆ ತಿರುಗಿ, "ಅಣ್ಣಾ, ಇಂವಗ ಏನ ಕೊಟ್ಟ ತಂದಿ?" ಎಂದ. ಆಚೆ ಬಸ್ಯಾ ಹುಲಿಯಾಗಿದ್ದ! ‘ಅರ್ಧ ತೂಕ’ ಎಂದದ್ದು ಅವನ ಕಿವಿಗೆ ಬಿದ್ದಿತ್ತಂತೆ. ನಮ್ಮ ಕಡೆಯ ಒಂದೇ ಒಂದು ಚೆಂಡನ್ನೂ ದಾಟಗೊಡಲಿಲ್ಲ. ಸಾಲದ್ದಕ್ಕೆ ಇನ್ನು ಐದು ನಿಮಿಷವಿರುವಾಗ ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದ. ಅದೂ ನಾನು ದಾರ ಸುತ್ತಿ ಕೊಟ್ಟ ಸ್ಟಿಕ್ಕಿನಿಂದ. ಸೋತೆವು.

ಸೋಲು ದೊಡ್ಡದಲ್ಲ. ಮರುದಿನ ದೊಡ್ಡದಿತ್ತು.

ಹದಿಮೂರನೇ ದಿನ ಬೆಳಿಗ್ಗೆ ಅಂಗಳದ ತುಂಬ ಹೆಂಗಸರು. ಗುಗ್ಗರಿ ಬೆಂದಿತ್ತು, ತೊಟ್ಟಿಲಿಗೆ ಹೂ ಕಟ್ಟಿತ್ತು. ಬೀಗರ ಟೆಂಪೋ ಬಂದು ನಿಂತಿತು. ಗೌರವ್ವ ಎಮ್ಮೆಯ ಕಾಲಿಗೆ ನೀರು ಹಾಕಲು ತಂಬಿಗೆ, ಹಣೆಗೆ ಹಚ್ಚಲು ಕುಂಕುಮ ಹಿಡಿದು ಹೊರಗೆ ಓಡಿದಳು. ಟೆಂಪೋದ ಹಿಂದಿನ ಹಲಗೆ ಬಿಚ್ಚಿದರು. ಹನ್ನೆರಡು ಜನ ಬೀಗರು ಒಬ್ಬೊಬ್ಬರಾಗಿ ಇಳಿದರು. ಹದಿಮೂರನೆಯದಾಗಿ ಎಮ್ಮೆ ಇಳಿಯಲಿಲ್ಲ.

"ಅಣ್ಣಾರ, ಎಮ್ಮಿ ಎಲ್ಲೈತ್ರಿ?"

ರುದ್ರಪ್ಪನವರು ಅವಳ ಮುಖ ನೋಡಿದರು, ತಂಬಿಗೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಪಾಪ, ಅವರಿಗೆ ಸುಳ್ಳು ಬಾರದು. "ಎಮ್ಮಿ ಅಂದದ್ದ ಬೀಗರ ಚಾಷ್ಟಿ ಅಂತ ತಿಳಿದಿದ್ದೆ ಅಕ್ಕಾರ. ಅವತ್ತ ನಾವು ಮಾತಾಡಿದ್ದು ಪ್ರಕಾಶನ ವಿಚಾರ. ಹುಡುಗನ್ನ ನಾ ಕೊಟ್ಟೆ, ಕೂಸಿನ ಹೆಸರ ಬೀಗರು ಕೊಟ್ರು. ನಿಮಗ ಹೇಳಿಲ್ಲೇನ್ರಿ?"

ಅರ್ಧ ಚೀಲ ಹತ್ತಿಕಾಳಿನ ಹಿಂದೆ ಅಡಗಲು ಜಾಗ ಸಾಕಾದೀತೇ ಎಂದು ನಾನು ನೋಡಿದೆ. ಸಾಲುತ್ತಿರಲಿಲ್ಲ.

ಒಳಗಿನಿಂದ ಶಾಂತಾ ಕೇಳಿದಳು: "ಯಪ್ಪಾ, ಹೌದೇನು? ನನ್ನ ಕೂಸಿನ ಹೆಸರ ಕೊಟ್ಟ, ಆಟಗಾರನ್ನ ತಂದ್ಯಾ?"

"ಹೆಸರ ಅಷ್ಟ ಕೊಟ್ಟೇನವ್ವಾ," ಎಂದೆ. "ಕೂಸ ಇಲ್ಲೇ ಐತಿ."

ಯಾರೂ ನಗಲಿಲ್ಲ. ಅದು ನಗುವ ಮಾತೂ ಆಗಿರಲಿಲ್ಲ.

ಗೌರವ್ವ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಕೈಯಲ್ಲಿದ್ದ ತಂಬಿಗೆಯಿಂದ ಬೀಗರ ಕಾಲಿಗೆ ನೀರು ಕೊಟ್ಟಳು. ದನಿ ಏರಿಸದೆ ಹೇಳಿದಳು: "ಕೊಟ್ಟ ಮಾತ ನಮ್ಮ ಮನಿದ್ರಿ ಅಣ್ಣಾರ. ನೀವ ಹೆಸರ ಇಡ್ರಿ. ಕಾಳವ್ವ ತಾಯಿ ಅದಾಳ, ನಾ ಗುಡಿಗೆ ಹೋಗಿ ತಪ್ಪಾತು ಅಂತ ಕೇಳಿಕೋತೇನಿ."

ಕಣ್ಣಿನ ನೀರು ಮಾತ್ರ ಅವಳ ಮಾತು ಕೇಳಲಿಲ್ಲ. ಸೆರಗಿನಿಂದ ಒರೆಸಿಕೊಂಡಳು. ಎಂಟು ವರ್ಷ ನನಗೆ ಬಿಸಿ ರೊಟ್ಟಿ ಬಡಿದು ಕೊಟ್ಟು, ತಾನು ಶುಕ್ರವಾರ ಬಾಳೆಹಣ್ಣು ತಿಂದು ಇದ್ದವಳು. ಅವಳ ಹರಕೆಯನ್ನು ನಾನು ಕೊಟ್ಟದ್ದು ಯಾತಕ್ಕೆ? ಹನ್ನೊಂದು ಹೋಳಿಗೆ ತಿಂದು ನಿಂತ ಒಬ್ಬ ಸೆಂಟರ್ ಫಾರ್ವರ್ಡಿಗೆ!

ರುದ್ರಪ್ಪನವರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದರು. "ಛೇ ಛೇ, ಅಕ್ಕಾರ! ಹರಕಿ ಬಿಡಿಸಿ ನನ್ನ ಹೆಸರ ಇಟ್ಟಿ ಅಂತ ನಮ್ಮವ್ವ ಸ್ವರ್ಗದಿಂದ ಇಳದ ಬಂದ ಜ್ವಾಳದ ದಂಟಿಲೆ ಹೊಡದಾಳು. ನನಗೂ ಬುದ್ಧಿ ಬ್ಯಾಡಾಗಿತ್ತ?" ಎಂದು ತಮ್ಮ ಮಗಳ ಕಡೆ ತಿರುಗಿದರು. ಅವಳೇ ಕೂಸಿನ ಸೋದರತ್ತೆ, ಕಿವಿಯಲ್ಲಿ ಹೆಸರು ಹೇಳುವವಳು. "ಸುಮಿತ್ರಾ, ಕಾಳವ್ವ ಅಂತ ಅನ್ನವಾ."

ಸುಮಿತ್ರಾ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಆ ಗುದ್ದು ನ್ಯಾಯವಾಗಿ ಸೇರಬೇಕಾದ ಬೆನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು. ನನ್ನ ಹೆಂಡತಿ ಮಾತು ಉಳಿಸಿ ದೊಡ್ಡವಳಾದಳು. ಬೀಗರು ಮಾತು ಬಿಟ್ಟುಕೊಟ್ಟು ದೊಡ್ಡವರಾದರು. ಇಷ್ಟು ದೊಡ್ಡವರ ನಡುವೆ ನಾನೊಬ್ಬ ಎಷ್ಟು ಸಣ್ಣವನಾದೆನೆಂದರೆ, ಗುಗ್ಗರಿ ಹಂಚುವಾಗ ನಾಲ್ಕು ಸಲ ನನ್ನ ಮುಂದೆಯೇ ಹಾದುಹೋದರೂ ಯಾರ ಕಣ್ಣಿಗೂ ಬೀಳಲಿಲ್ಲ.

ತಿಂಗಳು ತುಂಬಿದ ಮೇಲೆ ಹರಕೆ ಮುಟ್ಟಿಸಲು ಎಲ್ಲರೂ ಸಿರಸಂಗಿಗೆ ಹೋದೆವು. ಕೂಸು ನನ್ನ ತೋಳಿನಲ್ಲಿತ್ತು. ಅಷ್ಟೂ ನಾಚಿಕೆಯ ನಡುವೆ, ಅದು ನನ್ನ ಮೀಸೆ ಹಿಡಿದು ಜಗ್ಗಿದಾಗ ಎದೆ ಹಿಗ್ಗಿ ಅಂಗಿಯ ಗುಂಡಿ ಹರಿಯುವಂತಾಗುತ್ತಿತ್ತು. ಪೂಜಾರಿಗಳು ಅರ್ಚನೆಗೆ ಹೆಸರು ಕೇಳಿದರು. ಗೌರವ್ವ ಕೂಸಿನ ಹೆಸರು ಹೇಳಿದಳು, ಶಾಂತಾಳ ಹೆಸರು ಹೇಳಿದಳು, ಅಳಿಯನ ಹೆಸರು ಹೇಳಿದಳು. ನಿಲ್ಲಿಸಿದಳು.

"ಯಜಮಾನರ ಹೆಸರವ್ವಾ?"

ಗಂಡನ ಹೆಸರು ಬಾಯಿ ಬಿಟ್ಟು ಹೇಳುವ ರೂಢಿ ಅವಳಿಗಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಅವರನ್ನ ಕೇಳ್ರಿ ಸ್ವಾಮ್ಯಾರ. ಇನ್ನೂ ಅವರ ಹತ್ರನ ಐತೋ, ಅದನ್ನೂ ಯಾರಿಗರ ಕೊಟ್ಟ ಬಂದಾರೋ!"

ಸಾಲಿನಲ್ಲಿ ನಿಂತ ಭಕ್ತರೆಲ್ಲ ನಕ್ಕರು. ಪೂಜಾರಿಗಳೂ ನಕ್ಕರು. ನಾನು ತಲೆ ಬಗ್ಗಿಸಿ ನನ್ನ ಹೆಸರು ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಪೂಜಾರಿಗಳು ಎರಡು ಸಲ ಕೇಳಬೇಕಾಯಿತು.