ಏಳನೇ ಗುಳಿಯ ಗುಳ್ಳೆ

ಹೆಣ್ಣು ಕುರಿಗಳ ವಿಷಯದಲ್ಲಿ ನನ್ನಷ್ಟು ಅನುಭವಸ್ಥ ಇಡೀ ವಿಜಯನಗರದಲ್ಲಿ ಇನ್ನೊಬ್ಬನಿಲ್ಲ. ಹನ್ನೆರಡು ವರ್ಷಗಳಿಂದ ನಾನು ಒಂದು ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಕುರಿಯ ಅಂಡಾಶಯದಿಂದ ಫಾಲಿಕಲ್ ಬಿಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುವುದು ನನ್ನ ಕಸುಬು. ಫಾಲಿಕಲ್ ಎಂದರೆ ಒಳಗೊಂದು ಅಂಡವನ್ನು ಬಚ್ಚಿಟ್ಟುಕೊಂಡ ಪುಟ್ಟ ಗುಳ್ಳೆ. ತಟ್ಟೆಯೋ ಥೇಟ್ ಪಡ್ಡು ಕಾವಲಿ, ಗುಳಿಗೊಂದು ಗುಳ್ಳೆ. ಅದಕ್ಕೆ ಪೋಷಕ ದ್ರವ, ದ್ರವಕ್ಕೆ ಹದವಾಗಿ ಹಾರ್ಮೋನ್, ಮಲಗಲು ಕುರಿಯ ಹೊಟ್ಟೆಯಷ್ಟೇ ಬೆಚ್ಚಗಿನ ಇನ್‌ಕ್ಯುಬೇಟರ್. ಹಾರ್ಮೋನ್ ಕಡಿಮೆಯಾದರೆ ಗುಳ್ಳೆ ಬೆಳೆಯದೆ ಮುದುಡುತ್ತದೆ. ಹದವಾಗಿದ್ದರೆ ದಿನದಿಂದ ದಿನಕ್ಕೆ ದುಂಡಗಾಗುತ್ತದೆ.

ಹೀಗಿರುವಾಗ, ಮದುವೆಯಾಗಿ ಏಳು ವರ್ಷವಾದ ಮೇಲೆ ನನ್ನ ಹೆಂಡತಿ ಶಶಿಗೆ ಡಾಕ್ಟರು ಅದೇ ಹಾರ್ಮೋನಿನ ಇಂಜೆಕ್ಷನ್ ಬರೆದುಕೊಟ್ಟಾಗ ನಾನು ಒಂಚೂರೂ ಹೆದರಲಿಲ್ಲ.

"ಇದೇ ಕಣೇ ನಾನು ದಿನಾ ಹಾಕೋದು! ನೂರಾರು ಬೆಳೆಸಿದೀನಿ. ನಮ್ದು ಆಗೇ ಹೋಯ್ತು ಅಂದ್ಕೋ."

"ನಾನು ಕುರಿ ಅಲ್ಲ ಕಣ್ರೀ," ಎಂದಳು ಶಶಿ.

ಅವಳ ಇಂಜೆಕ್ಷನ್ ಶುರುವಾದ ಸೋಮವಾರವೇ ನಾನು ಹೊಸ ತಟ್ಟೆ ಹೂಡಿದೆ. ಏಳನೇ ಗುಳಿಯಲ್ಲಿ ಒಂದು ಗುಳ್ಳೆ ಬಹಳ ಲಕ್ಷಣವಾಗಿತ್ತು. ನೋಡಿದ ಕೂಡಲೇ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ: ಇದು ಬೆಳೆದರೆ ಶಶಿಯದೂ ಬೆಳೆಯುತ್ತದೆ! ವೈಜ್ಞಾನಿಕ ಮನೋಭಾವವನ್ನು ಅಂದು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದಿದ್ದೆ.

ಕಾರಣವಿಲ್ಲದೆ ಅಲ್ಲ. ಮೇಲಿನ ಮನೆಯ ಪದ್ಮಾ ಆಂಟಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಏನಮ್ಮಾ ಶಶಿ, ವಿಶೇಷ ಏನಾದ್ರೂ ಇದ್ಯಾ?" ಎನ್ನುತ್ತಾರೆ. "ಇದ್ರೆ ನಿಮಗೇ ಮೊದ್ಲು ಹೇಳ್ತೀನಿ ಆಂಟಿ," ಎಂದು ನಕ್ಕು ಒಳಗೆ ಬರುವ ಶಶಿ, ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸಿ ಓಡಿಸುತ್ತಾಳೆ. ಅಳು ಹೊರಗೆ ಕೇಳಬಾರದಲ್ಲ. ಆ ಮಿಕ್ಸಿಯ ಸದ್ದು ನಿಲ್ಲುವವರೆಗೆ ನಾನು ನಡುಮನೆಯಲ್ಲಿ ಪೇಪರ್ ಓದುತ್ತಿರುವವನಂತೆ ನಟಿಸುತ್ತೇನೆ. ನನಗೂ ಮಗು ಬೇಕು. ಎಷ್ಟು ಬೇಕು ಎಂದು ಯಾರಿಗೂ ಹೇಳಿಲ್ಲ.

ಅದಕ್ಕೇ ತಟ್ಟೆಯ ಮುಂದೆ ಕುಳಿತೆ. ಎರಡು ದಿನಕ್ಕೊಮ್ಮೆ ಮಾತ್ರ ಇನ್‌ಕ್ಯುಬೇಟರ್ ಬಾಗಿಲು ತೆಗೆಯಬೇಕೆಂಬುದು ನಿಯಮ. ನಾನು ಗಂಟೆಗೊಮ್ಮೆ ತೆಗೆದೆ. ಒಳಗಿನ ಬಿಸಿ ಇಳಿದು ಅದು ಕುಂಯ್ ಕುಂಯ್ ಎಂದು ದೂರು ಕೊಟ್ಟಿತು. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬಂದು, "ಪ್ರಕಾಶ್, ಅದೇನು ಫ್ರಿಡ್ಜಾ? ಹಸಿವಾದಾಗೆಲ್ಲ ತೆಗೆದು ನೋಡ್ತೀರಲ್ಲ!" ಎಂದರು.

ಅಷ್ಟರಲ್ಲಿ ಶಶಿಯ ಮೊದಲ ಸ್ಕ್ಯಾನ್ ಆಯಿತು. "ಸ್ವಲ್ಪ ನಿಧಾನ ಇದೆ, ಕಾಯೋಣ," ಎಂದರು ಡಾಕ್ಟರು. ಅವರೇನೋ ಕಾಯುತ್ತಾರೆ! ಶಶಿಯ ಇಂಜೆಕ್ಷನ್ ಮುಟ್ಟುವ ಅಧಿಕಾರ ನನಗಿರಲಿಲ್ಲ. ಏಳನೇ ಗುಳಿ ನನ್ನ ಕೈಯಲ್ಲಿತ್ತು. ಯಾರೂ ಇಲ್ಲದಾಗ ಒಂದು ಹನಿ ಹಾರ್ಮೋನ್ ಹೆಚ್ಚಿಗೆ ಬಿಟ್ಟೆ. ಮಾರನೆಯ ದಿನ ನೋಡಿದರೆ ಗುಳ್ಳೆ ಉಬ್ಬಿ ನಿಂತಿದೆ! ತಡೆಯಲಾರದೆ ಫೋನ್ ಮಾಡಿದೆ.

"ಶಶೀ, ಬೆಳೀತಾ ಇದೆ!"

"ಏನ್ರೀ ಬೆಳೀತಾ ಇರೋದು?"

"...ಕುರಿದು."

ಫೋನ್ ಕಟ್ಟಾಯಿತು. ನಾನು ಇನ್ನೊಂದು ಹನಿ ಬಿಟ್ಟೆ.

ಆಮೇಲೆ ಆಯುಧಪೂಜೆ ಬಂತು. ನಮ್ಮಲ್ಲಿ ಮೈಕ್ರೋಸ್ಕೋಪಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ಇನ್‌ಕ್ಯುಬೇಟರಿಗೆ ಮಾತ್ರ ಹೊರಬಾಗಿಲಿಗೆ ಒಂದು ಬೊಟ್ಟು, ಒಳಗೇನೂ ಇಲ್ಲ. ಇದು ಮೇಡಂ ಕಟ್ಟಪ್ಪಣೆ. ಎಲ್ಲರೂ ಕಡಲೆಪುರಿ ಹಂಚಿಕೊಳ್ಳುತ್ತಿದ್ದಾಗ ನಾನು ಮೆಲ್ಲನೆ ಬಾಗಿಲು ತೆಗೆದು, ತಟ್ಟೆಯ ಮುಚ್ಚಳ ಎತ್ತಿ ಗುಳ್ಳೆಯನ್ನೊಮ್ಮೆ ಕಣ್ತುಂಬ ನೋಡಿ, ಮತ್ತೆ ಮುಚ್ಚಿ, ಮುಚ್ಚಳದ ಮೇಲೆ ಏಳನೇ ಗುಳಿಯ ನೇರಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟೆ. ಪಕ್ಕದಲ್ಲಿ ಸೇವಂತಿಗೆಯ ಒಂದು ಎಸಳು. ಒಂದೇ ಒಂದು! ಕೈ ಮುಗಿದೆ. ಏನು ಬೇಡಿಕೊಂಡೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಬ್ಬದ ರಜೆ ಮುಗಿಸಿ ಬಂದು ನೋಡಿದರೆ, ತಟ್ಟೆಯ ತುಂಬ ಬಿಳಿ ಬೂಷ್ಟು! ಹಳೇ ಉಪ್ಪಿನಕಾಯಿಗೂ ಅಷ್ಟು ಹಿಡಿಯುವುದಿಲ್ಲ. ಏಳನೇ ಗುಳಿಯ ಗುಳ್ಳೆ ಬೂಷ್ಟಿಗೂ ಕಾಯದೆ ಒಡೆದುಹೋಗಿತ್ತು. ಒಳಗಿನ ಅಂಡ ಇನ್ನೂ ಬಲಿಯದೆ ಹೊರಗೆ ಬಿದ್ದಿತ್ತು.

ಮೇಡಂ ಮುಚ್ಚಳದ ಮೇಲಿನ ಬೊಟ್ಟನ್ನೇ ನೋಡಿದರು. "ಯಾರಿದು?"

ಸುಳ್ಳು ಹೇಳೋಣವೆಂದರೆ ಹಬ್ಬ ಮುಗಿದರೂ ನನ್ನ ಹಣೆಯಲ್ಲಿ ಇನ್ನೂ ಕುಂಕುಮ. ಹನಿಗಳ ಕಥೆಯನ್ನೂ ಒಪ್ಪಿಕೊಂಡೆ.

"ಹಾರ್ಮೋನ್ ಜಾಸ್ತಿ ಆದ್ರೆ ಗುಳ್ಳೆ ಉಬ್ಬುತ್ತೆ, ಅಂಡ ಅದರ ಸಮಕ್ಕೆ ಬಲಿಯಲ್ಲ. ಹುಡುಗರಿಗೆ ಪಾಠ ಹೇಳಿಕೊಡೋರೇ ನೀವಲ್ವಾ ಪ್ರಕಾಶ್?"

"ಹೌದು ಮೇಡಂ."

"ಮತ್ತೆ?"

"ಆಸೆ ಮೇಡಂ," ಎಂದೆ. ಶಶಿಯ ವಿಷಯವನ್ನೂ ಹೇಳಿದೆ. ಆಫೀಸಿನಲ್ಲಿ ಅದೇ ಮೊದಲು.

ಅವರು ತಟ್ಟೆಯನ್ನು ಕೈಗೆತ್ತಿಕೊಂಡರು. "ಇನ್‌ಕ್ಯುಬೇಟರ್ ಪೂರ್ತಿ ತೊಳೀರಿ. ನಾಳೆ ರಜಾ ಹಾಕಿ, ಅವರ ಜೊತೆ ಸ್ಕ್ಯಾನಿಗೆ ಹೋಗಿ."

ಮಾರನೆಯ ಬೆಳಿಗ್ಗೆ ರಾಜಾಜಿನಗರದ ಕ್ಲಿನಿಕ್ಕಿಗೆ ಸ್ಕೂಟರಿನಲ್ಲಿ ಹೋಗುವಾಗ ಶಶಿಗೆ ಬಾಗಿಲು, ಹನಿ, ಬೊಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಮುಂದಕ್ಕೆ ಬಾಗಿದಳು.

"ಒಡೆದಿದ್ದು ಕುರಿದೇ ತಾನೆ?"

"ಕುರಿದೇ."

"ಹಾಗಾದ್ರೆ ಗುಂಡಿ ನೋಡ್ಕೊಂಡು ಓಡ್ಸಿ," ಎಂದು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

ಶಶಿಯನ್ನು ಸ್ಕ್ಯಾನ್ ಕೋಣೆಗೆ ಕರೆದುಕೊಂಡು ಹೋದರು. ಎರಡು ನಿಮಿಷ ಕಾದೆ. ಬಾಗಿಲನ್ನು ಒಂದೇ ಇಂಚು ತೆಗೆದೆ.

"ಸಾರ್! ಬಾಗಿಲು ಹಾಕಿ!" ಎಂದು ನರ್ಸ್ ಗದರಿದರು.

ಮತ್ತೆ ಎರಡು ನಿಮಿಷ. ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಈ ಸಲ ಪರದೆಯ ಹಿಂದಿನಿಂದ ಶಶಿಯೇ ಕೂಗಿದಳು:

"ರೀ, ಬಾಗಿಲು ತೆಗೀಬೇಡ್ರೀ! ಬಿಸಿ ಇಳಿದುಬಿಡುತ್ತೆ!"

ಒಳಗೆ ಅವಳ ನಗು ಕೇಳಿಸಿತು. ಹಿಂದೆಯೇ ಮಿಕ್ಸಿ ಓಡದಂಥ ನಗು ಕೇಳಿ ಎಷ್ಟು ದಿನವಾಗಿತ್ತೋ! ಬಾಗಿಲು ಮುಚ್ಚಿದೆ. ಹನ್ನೆರಡು ವರ್ಷದ ಅನುಭವಸ್ಥನಾದ ನಾನು ಹೊರಗಿನ ಬೆಂಚಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತೆ. ಅವನ್ನು ಹೊರಗೆ ಬಿಟ್ಟರೆ ಏನಾದರೂ ಮಾಡಿಬಿಡುತ್ತವೆ.