ತಾಂಡೇಲರ ಹಾಯಿ, ನನ್ನ ಆಕಾಶ

ಸದಾ ಚಿಂತೆ ಮಾಡುವವನಿಗೆ ಆಘಾತ ಕಡಿಮೆ ಎಂದು ಜನ ತಿಳಿದಿರುತ್ತಾರೆ. ಎಲ್ಲ ಕೇಡನ್ನೂ ಮುಂಚೆಯೇ ಊಹಿಸಿ, ಅನುಭವಿಸಿ, ಮುಗಿಸಿಟ್ಟವನಿಗೆ ನಿಜವಾದ ಕೇಡು ಬಂದರೆ ಹಳೆಯ ನೆಂಟರು ಬಂದಷ್ಟೇ ಅನ್ನಿಸಬೇಕಲ್ಲ ಎಂಬುದು ಅವರ ವಾದ. ಇದನ್ನು ಹೇಳುವವರು ಯಾರೂ ಮನಸ್ಸಿಟ್ಟು ಚಿಂತೆ ಮಾಡಿದವರಲ್ಲ. ನಲವತ್ತೇಳು ವರ್ಷ ಬಿಡದೆ ಚಿಂತೆ ಮಾಡಿದ ಅನುಭವದಿಂದ ಹೇಳುತ್ತೇನೆ: ಚಿಂತೆ ಮಾಡಿದ ಕೇಡು ಒಂದೂ ಬರುವುದಿಲ್ಲ. ಬರುವುದು ಬೇರೆಯದೇ. ಒಮ್ಮೆ ಪೇಪರು ತಿದ್ದಲು ಕುಮಟೆಗೆ ಹೋಗುವಾಗ ಬಸ್ಸಿನ ಬ್ರೇಕು ತಪ್ಪೀತೆಂದು ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಬಿಡದೆ ಹಿಡಿದು ಕೂತಿದ್ದೆ. ಬಸ್ಸು ದೇವರ ರಥದಂತೆ ನಿಧಾನವಾಗಿ ಹೋಗಿ ಮುಟ್ಟಿತು. ಇಳಿದು ನೋಡಿದರೆ ಕಂಬಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಆ ದಿನ ನಾನು ಮುಟ್ಟಿದ ಪೇಪರುಗಳೆಲ್ಲ ಹಸಿರಾದವು.

ಆದರೆ ಅದು ಸಣ್ಣ ಆಘಾತ. ದೊಡ್ಡದು ಬಂದದ್ದು ಆಕಾಶದಿಂದ.

ಅದಕ್ಕೆ ಹಿಂದಿನ ವರ್ಷ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡಿ ಪ್ರಪಂಚ ಮುಳುಗಿಹೋಗುತ್ತದೆಂದು ದೇಶಕ್ಕೆ ದೇಶವೇ ಗಾಬರಿ ಬಿದ್ದದ್ದು ನಿಮಗೆ ನೆನಪಿರಬಹುದು. ಹೊನ್ನಾವರವೂ ತನ್ನ ಪಾಲಿನ ಗಾಬರಿಯನ್ನು ಪಟ್ಟಿತು. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಗ್ರಹಗಳು ನಮ್ಮ ತಂಟೆಗೆ ಬರುವುದಿಲ್ಲವೆಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿ, ಆ ದಿನ ಮಾತ್ರ ಹೊಟ್ಟೆನೋವೆಂದು ರಜೆ ಹಾಕಿ ಮನೆಯಲ್ಲಿ ಕೂತಿದ್ದೆ. ಪ್ರಪಂಚ ಮುಳುಗಲಿಲ್ಲ. ನಮ್ಮೂರ ವಾಚನಾಲಯದ ಅಧ್ಯಕ್ಷರಾದ ಡಾಕ್ಟರಿಗೆ ಮಾತ್ರ ಈ ಅಜ್ಞಾನದ ಮೇಲೆ ಸಿಟ್ಟು ಬಂತು. ಮರುವರ್ಷ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ, ಒಂದು ಶನಿವಾರ ಮತ್ತು ಭಾನುವಾರ ಸಾರ್ವಜನಿಕರಿಗೆ ಆಕಾಶ ತೋರಿಸುವುದೆಂದು ನಿಶ್ಚಯಿಸಿದರು. ಅದೂ ಹಾಡುಹಗಲಲ್ಲಿ, ಶಾಲೆಯ ಹಾಲಿನೊಳಗೆ. ಮುಂಬಯಿಯ ಪತ್ರಿಕೆಯೊಂದರಲ್ಲಿ ಅವರು ಇಂಥದರ ಚಿತ್ರ ನೋಡಿದ್ದರಂತೆ. ಗುಮ್ಮಟದಂತೆ ಗೋಲವಾದ ಮಾಡು, ನಡುವೆ ಒಂದು ಯಂತ್ರ, ಮಾಡಿನ ತುಂಬ ನಕ್ಷತ್ರ. ಭೂಮಿಯ ವಿಷಯ ಗೊತ್ತಿರುವವನಿಗೆ ಅದರ ಮೇಲಿನದೂ ಗೊತ್ತಿರಲೇಬೇಕೆಂದು ಹೇಳಿ, ಕಟ್ಟುವುದನ್ನೂ ವಿವರಿಸುವುದನ್ನೂ ನನಗೇ ವಹಿಸಿದರು. ಬೇಡವೆನ್ನಲು ಬಾಯಿ ತೆರೆದೆ. ಆಗುವುದಿಲ್ಲವೆಂದರೆ ಜನ ಏನೆಂದುಕೊಂಡಾರು ಎಂಬ ಚಿಂತೆಯಾಗಿ ಆಗಲಿ ಎಂದೆ.

ಗೋಲದ ಮಾಡಿಗೆ ಬಿದಿರಿನ ಬಳೆಗಳನ್ನು ಬಾಗಿಸಿ ಕಟ್ಟಿದ್ದಾಯಿತು. ಅದರ ಒಳಮೈಗೆ ಹೊದಿಸಲು ಬೇಕಾದಷ್ಟು ದೊಡ್ಡ ಬಿಳಿಬಟ್ಟೆ ಊರಲ್ಲಿ ಇದ್ದದ್ದು ಒಬ್ಬರ ಹತ್ತಿರ, ಜಟ್ಟಪ್ಪ ತಾಂಡೇಲರ ಹತ್ತಿರ. ತಾಂಡೇಲನೆಂದರೆ ಹಾಯಿಹಡಗಿನ ಯಜಮಾನ. ಅವರು ಮಲಬಾರಿನಿಂದ ಮುಂಬಯಿವರೆಗೆ ಮಚವೆ ನಡೆಸಿ, ಈಗ ಮಗನ ಕೈಗೆ ಚುಕ್ಕಾಣಿ ಕೊಟ್ಟು ಬಂದರದ ಹತ್ತಿರ ಜಗಲಿಯ ಮೇಲೆ ಕೂತಿರುತ್ತಿದ್ದರು. ಅವರ ಹಳೆಯ ಮಚವೆಯ ಹಾಯಿ ಮಡಿಸಿ ಅಟ್ಟದಲ್ಲಿತ್ತು. ಕೇಳಿದಾಗ ಯಾಕೆ ಎನ್ನದೆ ಕೊಟ್ಟರು. ನಡುವಿನ ಯಂತ್ರ ನನ್ನದೇ: ಎಣ್ಣೆ ಡಬ್ಬಿಯ ತಗಡು. ಕಲಾಯಿ ಹಾಕುವ ಹುಸೇನ್ ಸಾಬರು ಅದನ್ನು ಕೊಳವೆಯಂತೆ ಸುತ್ತಿ, ಮೇಲೊಂದು ಮುಚ್ಚಳ ಕೂರಿಸಿಕೊಟ್ಟರು. ನಾನು ಪುಸ್ತಕದೊಳಗಿನ ನಕ್ಷತ್ರದ ನಕ್ಷೆಯನ್ನು ದೊಡ್ಡದಾಗಿ ಬರೆದು, ತಗಡಿನ, ಮುಚ್ಚಳದ ಹೊರಮೈಗೆ ಅಂಟಿಸಿ, ಒಂದೊಂದು ನಕ್ಷತ್ರಕ್ಕೆ ಒಂದೊಂದು ಮೊಳೆ ಹೊಡೆದೆ. ದೊಡ್ಡ ನಕ್ಷತ್ರಕ್ಕೆ ದೊಡ್ಡ ಮೊಳೆ, ಸಣ್ಣದಕ್ಕೆ ಹೆಂಡತಿಯ ಗೋಣಿಸೂಜಿ. ಮೂರು ವಾರ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಮೇ ತಿಂಗಳ ಸಂಜೆ ಎಂಟು ಗಂಟೆಯ ಆಕಾಶವನ್ನು ತಗಡಿನಲ್ಲಿ ಕೊರೆದೆ. ಒಳಗೆ ಮೋಟಾರು ಬ್ಯಾಟರಿಯ ಬಲ್ಬು ಇಟ್ಟು ಹೊತ್ತಿಸಿದರೆ ತೂತುಗಳಿಂದ ಬೆಳಕು ಹೊರಟು ಹಾಯಿಯ ಮೇಲೆ ನಕ್ಷತ್ರಗಳಾಗಿ ಬೀಳುತ್ತಿತ್ತು. ಮೊದಲ ಸಲ ನೋಡಿದಾಗ ನನಗೇ ಕಣ್ಣು ತುಂಬಿತು.

ಇನ್ನು ಚಿಂತೆಗಳು. ಬಿದಿರು ಮುರಿದು ಮಹಾಜನರ ತಲೆಯ ಮೇಲೆ ಆಕಾಶ ಬಿದ್ದರೆ? ಕತ್ತಲೆಯಲ್ಲಿ ಯಾರಾದರೂ ಮೂರ್ಛೆ ಹೋದರೆ? ಕರ್ಕಿಯ ಕಡೆಯವರು ಯಕ್ಷಗಾನವೆಂದು ತಿಳಿದು ಬಂದು, ಚೆಂಡೆ ಎಲ್ಲಿ, ವೇಷ ಎಲ್ಲಿ ಎಂದು ಗಲಾಟೆ ಮಾಡಿದರೆ? ಬ್ಯಾಟರಿಯ ಆಸಿಡ್ಡು ಚೆಲ್ಲಿ ಡಾಕ್ಟರ ಧೋತರ ಸುಟ್ಟರೆ? ಒಂದೊಂದಕ್ಕೂ ಪರಿಹಾರ ಯೋಚಿಸಿ ಕಾಗದದಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಸಂತೆಗುಳಿಯ ಕಡೆಯವಳಾದ ನನ್ನ ಹೆಂಡತಿ ಆ ಕಾಗದ ಓದಿ, ಇಷ್ಟೆಲ್ಲ ಆಗುವುದಾದರೆ ತಾನೂ ನೋಡಲು ಬರುತ್ತೇನೆ ಎಂದಳು.

ಶನಿವಾರ ಅದ್ಭುತವಾಗಿ ನಡೆಯಿತು. ಭಟ್ಕಳ, ಹೆಬಳೆ ಕಡೆಯವರು ಹೊಳೆ ದಾಟಿ ಬಂದರು. ಕುಮಟೆಯಿಂದ ಬಸ್ಸು ತುಂಬಿ ಬಂದರು. ಕಿಟಕಿಗಳಿಗೆ ಕಂಬಳಿ ಕಟ್ಟಿ, ಜನ ಚಾಪೆಯ ಮೇಲೆ ಅಂಗಾತ ಮಲಗಿದ ಮೇಲೆ ನಾನು ಬಲ್ಬು ಹೊತ್ತಿಸುತ್ತಿದ್ದೆ. ಹಾಲಿನ ತುಂಬ ಒಂದೇ ಉಸಿರು ಎಳೆದ ಸದ್ದಾಗುತ್ತಿತ್ತು. ಉದ್ದನೆಯ ಕೋಲು ಹಿಡಿದು, ಇದು ಸಪ್ತರ್ಷಿ ಮಂಡಲ, ಇದು ಧ್ರುವ, ಇಗೋ ಚಿತ್ತಾ, ಇಗೋ ಸ್ವಾತಿ, ಇಗೋ ಈಗಷ್ಟೇ ತಲೆ ಎತ್ತುತ್ತಿರುವ ವೃಶ್ಚಿಕ ಎಂದು ತೋರಿಸುತ್ತಿದ್ದೆ. ನಮ್ಮ ಪುರೋಹಿತರು ಎದ್ದು, ಪಂಚಾಂಗದಲ್ಲಿ ಇರುವುದು ಇಂಚೂ ತಪ್ಪದೆ ಇಲ್ಲಿದೆ ಎಂದು ಸರ್ಟಿಫಿಕೇಟು ಕೊಟ್ಟರು. ವಕೀಲರು ಎರಡು ಪ್ರಯೋಗ ನೋಡಿ, ಭಾನುವಾರ ಅತ್ತೆಮನೆಯವರನ್ನೂ ಕರೆತರುವುದಾಗಿ ಹೇಳಿದರು. ಮರುದಿನ ಸಂಜೆ ನಮ್ಮ ಉಪವಿಭಾಗದ ದೊಡ್ಡ ಅಧಿಕಾರಿ, ಪ್ರಾಂತ ಸಾಹೇಬರು ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಈ ಆಕಾಶಕ್ಕೆ ಹಳೇ ಕಚೇರಿಯ ಒಂದು ಕೋಣೆ ಕಾಯಮ್ಮಾಗಿ ಸಿಗುವುದೆಂದು ಡಾಕ್ಟರು ನನ್ನ ಬೆನ್ನು ತಟ್ಟಿದರು. ಕಿಸೆಯ ಕಾಗದವನ್ನು ಹರಿದು ಹಾಕಿದೆ. ಅಲ್ಲೇ ನಾನು ತಪ್ಪಿದ್ದು.

ಶನಿವಾರದ ಕೊನೆಯ ಪ್ರಯೋಗಕ್ಕೆ ಬಂದರದ ಕಡೆಯವರು ಬಂದರು. ನಡುವೆ ಜಟ್ಟಪ್ಪ ತಾಂಡೇಲರು, ತಮ್ಮ ಹಾಯಿಯಲ್ಲಿ ಮಾಸ್ತರ ಏನು ಮಾಡಿದ್ದಾನೆಂದು ನೋಡಲು. ಬಲ್ಬು ಹೊತ್ತಿಸಿದೆ. ಉಸಿರೆಳೆದ ಸದ್ದು ಬರಲಿಲ್ಲ. ಬದಲಿಗೆ ಕತ್ತಲೆಯಲ್ಲಿ ಗುಸುಗುಸು. ನಾನು ಕೋಲೆತ್ತಿ ವೃಶ್ಚಿಕಕ್ಕೆ ಬಂದಾಗ ತಾಂಡೇಲರು ಮಲಗಿದಲ್ಲಿಂದಲೇ, ಉತ್ತರ ಯಾವ ಬದಿ ಎಂದು ಕೇಳಿದರು. ಧ್ರುವ ನಕ್ಷತ್ರ ತೋರಿಸಿದೆ.

"ಹಾಗಾದ್ರೆ ನಿಮ್ಮ ಚೇಳು ಸಮುದ್ರದ ಬದಿಯಿಂದ ಹತ್ತಿ ಬರ್ತದಲ್ರಾ ಮಾಸ್ತರ್ರೆ. ನಾ ನೋಡಿದ್ದು ಅರವತ್ತು ವರ್ಷ. ಅದು ಒಂದಿನವೂ ಘಟ್ಟದ ಬದಿ ಬಿಟ್ಟು ಹತ್ತಿದ್ದಿಲ್ಲ."

ಚಾಪೆಗಳ ಮೇಲೆ ನಗು ಹರಿಯಿತು. ನಕ್ಷೆ ವಿಲಾಯತಿಯ ದೊಡ್ಡ ವಿದ್ವಾಂಸರು ಬರೆದದ್ದು, ನಾನು ಕೂದಲೆಳೆಯಷ್ಟೂ ವ್ಯತ್ಯಾಸ ಮಾಡಿಲ್ಲ, ಬೇಕಾದರೆ ಪುಸ್ತಕ ತಂದು ತೋರಿಸುತ್ತೇನೆ ಎಂದೆ. ತರಗತಿಯಲ್ಲಿ ತಪ್ಪು ಸಿಕ್ಕಿಬಿದ್ದಾಗ ನಾನು ಇದೇ ದನಿಯಲ್ಲಿ ಮಾತಾಡುವುದು.

"ಪುಸ್ತಕದಲ್ಲಿ ಸಮ ಇದ್ದಿರ್ಬಹುದು," ಎಂದರು ತಾಂಡೇಲರು, ಸಿಟ್ಟಿಲ್ಲದೆ. "ಆದ್ರೆ ಈ ಆಕಾಶ ನಂಬ್ಕಂಡು ನಾ ಮಚವೆ ಬಿಟ್ರೆ ಹೊನ್ನಾವರಕ್ಕೆ ಬರೂದಿಲ್ಲ, ಅರಬಸ್ತಾನಕ್ಕೆ ಹೋಗೂದು."

ಪ್ರಯೋಗ ಮುಗಿದು ಎಲ್ಲ ಹೊರಟ ಮೇಲೆ ಅವರೊಬ್ಬರೇ ಹಿಂದೆ ಉಳಿದರು. ಹಾಯಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅದರಲ್ಲಿ ಅವರೇ ಹಾಕಿದ ತೇಪೆಗಳಿದ್ದವು.

"ಆಕಾಶ ನಿಮ್ದು. ಹಾಯಿ ನಂದು. ನನ್ನ ಹಾಯಿ ಮೇಲೆ ಸುಳ್ಳು ದಾರಿ ಬೀಳೂದು ಬ್ಯಾಡ. ನಾಳೆಗೆ ಸಮ ಮಾಡಿ, ಇಲ್ದೇ ಇದ್ರೆ ನಾ ಬಂದು ಬಿಚ್ಕಂಡು ಹೋಗ್ತೆ."

ಮನೆಗೆ ತಗಡನ್ನು ಹೊತ್ತುಕೊಂಡೇ ಹೋದೆ. ಕಿಟಕಿಯ ಬೆಳಕಿಗೆ ಹಿಡಿದು, ಹೊರಗಿನಿಂದ ನೋಡಿದೆ. ನಕ್ಷೆಯ ಹಾಗೇ ಇತ್ತು. ಆಮೇಲೆ ಏನನ್ನಿಸಿತೋ, ಮುಚ್ಚಳ ತೆಗೆದು ಡಬ್ಬಿಯೊಳಗೆ ಇಣುಕಿದೆ. ಕಾಗದದ ಮೇಲಿನ ಬರಹವನ್ನು ಹಿಂಬದಿಯಿಂದ ದೀಪಕ್ಕೆ ಹಿಡಿದು ನೋಡಿದ ಹಾಗೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ದೀಪ ಇರುವುದು ಒಳಗೆ. ಒಳಗಿನಿಂದ ಕಾಣುವ ಆಕಾಶವೇ ಹಾಯಿಯ ಮೇಲೆ ಬೀಳುವುದು. ನಾನು ಹೊರಗೆ ಕೂತು ಚುಚ್ಚಿದ್ದೆ. ಇಡೀ ಉತ್ತರ ಕನ್ನಡ ಜಿಲ್ಲೆಯ ಅರ್ಧ ಕರಾವಳಿಗೆ ಬ್ರಹ್ಮಾಂಡವನ್ನು ಉಲ್ಟಾ ಕಲಿಸಿ ಕಳಿಸಿದ್ದೆ. ವಕೀಲರು, ಪುರೋಹಿತರು, ಡಾಕ್ಟರು, ನಾವು ಹೆಡ್‌ಮಾಸ್ತರರೂ ಸೇರಿ ಎಂಟು ಜನ ಶಿಕ್ಷಕರು, ಒಬ್ಬರಿಗೂ ಏನೂ ಅನ್ನಿಸಿರಲಿಲ್ಲ.

ಡಾಕ್ಟರ ಮನೆಗೆ ಓಡಿದೆ. ಅವರು ಬಾಗಿಲು ಓರೆ ಮಾಡಿ, ಮೆತ್ತಗೆ, ಬಂದರದವರನ್ನು ಬಿಟ್ಟರೆ ಇದು ಯಾರಿಗೆ ಗೊತ್ತಾಗುತ್ತದೆ ಎಂದರು. ಅಜ್ಞಾನವನ್ನು ಕಂಡರೆ ಉರಿದು ಬೀಳುವ ಡಾಕ್ಟರು! ಆಘಾತದ ಮೇಲೆ ಆಘಾತ. ಅದಕ್ಕಿಂತ ದೊಡ್ಡದೆಂದರೆ, ಆ ಮಾತು ಕೇಳಿ ನನಗೆ ಒಂದು ಕ್ಷಣ ತುಂಬ ಸಮಾಧಾನವಾದದ್ದು. ಆದರೆ ಹಾಯಿ ಬಿಚ್ಚಿದರೆ ಸಾಹೇಬರಿಗೆ ತೋರಿಸುವುದು ಬಿದಿರಿನ ಬಳೆಗಳನ್ನು ಮಾತ್ರ. ಹೀಗೆ ನನ್ನನ್ನು ಸತ್ಯದ ದಾರಿಗೆ ತಂದದ್ದು ಧರ್ಮವಲ್ಲ, ಬಟ್ಟೆ.

ಭಾನುವಾರ ಬೆಳಿಗ್ಗೆ ಹುಸೇನ್ ಸಾಬರ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಮತ್ತೆ ಮೂರು ವಾರದ ಕೆಲಸ, ಇರುವುದು ಒಂದು ಹಗಲು ಎಂದು ಹೇಳುವಾಗ ದನಿ ಒಡೆದಿರಬೇಕು. ಸಾಬರು ತಗಡನ್ನು ಎರಡು ಸಲ ತಿರುಗಿಸಿ ನೋಡಿದರು. ಕಾಯಿಸಿದ ಕಬ್ಬಿಣದಿಂದ ಬೆಸುಗೆ ಬಿಡಿಸಿದರು, ತಗಡನ್ನು ಚಾಪೆಯಂತೆ ಹರಡಿದರು, ಹೊರಮೈಯನ್ನು ಒಳಗೆ ಮಾಡಿ ಮತ್ತೆ ಸುತ್ತಿ ಬೆಸೆದರು. ಮುಚ್ಚಳವನ್ನು ತಿರುವಿ ಹಾಕಿದರು. ಒಂದು ಚಹಾ ಆರುವಷ್ಟು ಹೊತ್ತು.

"ಅಂಗಿ ಉಲ್ಟಾ ಹಾಕ್ಕೊಂಡ್ರೆ ಬಿಚ್ಚಿ ತಿರುಗಿಸಿ ಹಾಕೋದಪ್ಪಾ ಮಾಸ್ಟರ್ ಸಾಹೇಬ್," ಎಂದರು. "ಅದಕ್ಕೆ ಅಳೋದ್ಯಾಕೆ?"

ತಾಂಡೇಲರು ಮಧ್ಯಾಹ್ನ ಬಂದು, ಒಬ್ಬರೇ ಚಾಪೆಯ ಮೇಲೆ ಮಲಗಿ, ಮೇಲೆ ನೋಡಿ, "ಆತು" ಎಂದರು. ನನ್ನ ಬಿ.ಎ. ಪರೀಕ್ಷೆಯ ಫಲಿತಾಂಶ ಕೇಳಿದಾಗಲೂ ಅಷ್ಟು ಹಗುರ ಅನ್ನಿಸಿರಲಿಲ್ಲ. ಆ ಹಗುರ ಸಂಜೆಯವರೆಗೆ ಇತ್ತು. ಸಂಜೆ ಪ್ರಾಂತ ಸಾಹೇಬರು ಕೂತರು, ನಾನು ಬಲ್ಬು ಹೊತ್ತಿಸಿದೆ, ಕೋಲೆತ್ತಿದೆ. ಆಗ ಅತ್ತೆಮನೆಯವರ ನಡುವಿನಿಂದ ವಕೀಲರು ಎದ್ದರು. ನಿನ್ನೆ ವೃಶ್ಚಿಕ ಈ ಬದಿಗಿತ್ತು, ಇವತ್ತು ಆ ಬದಿಗೆ ಹೇಗೆ ಹೋಯಿತು ಎಂದು, ಸಾಕ್ಷಿಯನ್ನು ಕಟಕಟೆಯಲ್ಲಿ ಹಿಡಿದ ಹಾಗೆ ಕೇಳಿದರು. ಪುರೋಹಿತರು ಕೂಡಲೇ, ನಿನ್ನೆಯದೇ ಶಾಸ್ತ್ರಕ್ಕೆ ಸರಿ, ಇವತ್ತಿನದು ತಪ್ಪು ಎಂದು ತೀರ್ಪು ಕೊಟ್ಟರು.

ಡಾಕ್ಟರು ನನ್ನ ಅಂಗಿಯ ತುದಿ ಜಗ್ಗಿದರು. ಆಕಾಶ ದಿನಾ ತಿರುಗುತ್ತದೆ ಎಂದೇನಾದರೂ ಹೇಳಿ ಪಾರಾಗಬಹುದಿತ್ತು. ಬಾಯಲ್ಲಿ ಅದೇ ಸಿದ್ಧವಾಗಿತ್ತು. ಆದರೆ ಕತ್ತಲೆಯಲ್ಲಿ ಎಲ್ಲೋ ತಾಂಡೇಲರು ಮಲಗಿದ್ದಾರೆ, ಅವರ ಹಾಯಿ ನನ್ನ ತಲೆಯ ಮೇಲಿದೆ. ಕೋಲು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ: ನಿನ್ನೆಯದು ಉಲ್ಟಾ, ತಪ್ಪು ನನ್ನದು, ಹಿಡಿದವರು ತಾಂಡೇಲರು, ತಿದ್ದಿದವರು ಹುಸೇನ್ ಸಾಬರು. ಸಾಹೇಬರು ಎದ್ದು ಹೋಗುತ್ತಾರೆಂದುಕೊಂಡೆ. ಅವರು ಹೋಗಲಿಲ್ಲ. ಹಾಗಾದರೆ ಉಳಿದದ್ದನ್ನು ತಾಂಡೇಲರೇ ಹೇಳಲಿ ಎಂದರು.

ತಾಂಡೇಲರು ಕೋಲು ಮುಟ್ಟಲಿಲ್ಲ. ಮಲಗಿದಲ್ಲಿಂದಲೇ ಹೇಳಿದರು. ಯಾವ ಚುಕ್ಕಿ ಬೆನ್ನಿಗಿದ್ದರೆ ಮಂಗಳೂರು, ಯಾವುದು ಎದುರಿಗಿದ್ದರೆ ಕಾರವಾರ. ಯಾವುದು ಮುಳುಗುವ ಮೊದಲು ಅಳಿವೆಯೊಳಗೆ ಸೇರಿಕೊಳ್ಳಬೇಕು. ಒಂದು ವರ್ಷ ಮೋಡದ ಸಂದಿಯಲ್ಲಿ ಚೇಳಿನ ಬಾಲ ಒಂದೇ ಕಂಡದ್ದು, ಅದನ್ನೇ ಹಿಡಿದುಕೊಂಡು ಏಳು ಜನ ಮನೆಗೆ ಬಂದದ್ದು. ನನ್ನ ತೂತುಗಳು ಅಷ್ಟು ದೊಡ್ಡ ಕೆಲಸ ಮಾಡುತ್ತವೆಂದು ನನಗೇ ಗೊತ್ತಿರಲಿಲ್ಲ. ಕೋಣೆ ಅಲ್ಲೇ ಮಂಜೂರಾಯಿತು. ಮಳೆಗಾಲ ಮುಗಿಯುವವರೆಗೆ ಹಾಯಿ ಇರಲಿ ಎಂದು ತಾಂಡೇಲರೂ ಒಪ್ಪಿದರು.

ಹೊರಡುವಾಗ ಸಾಹೇಬರು ಜೀಪಿನ ಹತ್ತಿರ ನಿಂತು ಸಹಜವಾಗಿ ಒಂದು ಮಾತು ಕೇಳಿದರು: "ಮೂರು ವಾರ ಆಕಾಶ ಕೊರೆಯುವಾಗ ಒಂದು ಸಲವಾದರೂ ಅಂಗಳಕ್ಕೆ ಬಂದು ಮೇಲೆ ನೋಡಲಿಲ್ಲವೇ ಮಾಸ್ತರರೆ?"

ನೋಡಬೇಕೆಂದು ಹೊಳೆದೇ ಇರಲಿಲ್ಲ. ಮೋಡವಿತ್ತು ಎಂದೆ.

ಮನೆಗೆ ಬಂದವನು ಕೈಕಾಲು ತೊಳೆಯದೆ ಅಂಗಳದಲ್ಲಿ ನಿಂತು ತಲೆ ಎತ್ತಿದೆ. ಒಂದು ಚೂರೂ ಮೋಡವಿರಲಿಲ್ಲ. ಎಷ್ಟೊಂದು ನಕ್ಷತ್ರಗಳು! ನಾನು ಚುಚ್ಚದೇ ಇದ್ದವೇ ಹೆಚ್ಚು. ಒಂದಕ್ಕೂ ಹೆಸರಿಡಲಾಗಲಿಲ್ಲ. ಹೆಂಡತಿ ಬಂದು ಏನು ಹುಡುಕುತ್ತಿದ್ದೀರೆಂದು ಕೇಳಿದಳು. ವೃಶ್ಚಿಕವೆಂದೆ.

"ಅಲ್ಲೇ ಇದ್ದು, ಹಲಸಿನ ಮರದ ಮೇಲೆ. ಕಾಣ್ತಿಲ್ಯಾ?" ಎಂದಳು. ಈ ದಿನಗಳಲ್ಲಿ ಒಣಗಿದ ಬಟ್ಟೆ ತೆಗೆಯಲು ಬಂದಾಗಲೆಲ್ಲ ಅದು ಅಲ್ಲಿಯೇ ಇರುತ್ತದಂತೆ.

ಮರುದಿನದಿಂದಲೇ ತಾಂಡೇಲರ ಜಗಲಿಗೆ ಹೋಗಿ ನಿಜವಾದ ಆಕಾಶವನ್ನು ಕಲಿಯಬೇಕೆಂದು ಶಪಥ ಮಾಡಿದೆ. ಮರುದಿನ ಮೋಡ ಕಟ್ಟಿತು. ಆಮೇಲೆ ಮಳೆ ಹಿಡಿಯಿತು. ನಾಲ್ಕು ತಿಂಗಳು ಹೊನ್ನಾವರದಲ್ಲಿ ಯಾರಿಗೂ ಒಂದು ನಕ್ಷತ್ರವೂ ಕಾಣಲಿಲ್ಲ. ಆ ನಾಲ್ಕು ತಿಂಗಳು ಪ್ರತಿ ಶನಿವಾರ ಹಳೇ ಕಚೇರಿಯ ಕೋಣೆಯಲ್ಲಿ ಕೋಲು ಹಿಡಿದು ಆಕಾಶವನ್ನು ವಿವರಿಸಿದವನು ನಾನೇ. ಯಾರಾದರೂ ಹೊರಗೆ ಹೋಗಿ ತಾಳೆ ನೋಡಿಯಾರೆಂಬ ಭಯ ಇರಲಿಲ್ಲ. ಅಷ್ಟು ನಿಶ್ಚಿಂತೆಯಿಂದ ಕಳೆದ ಕಾಲ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.