ಬೆನ್ನಿಲ್ಲದ ಬೆಟ್ಟ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ; ಯಾರೂ ಮಾನಹಾನಿ ಮೊಕದ್ದಮೆ ಹೂಡಲಾರದಷ್ಟು ಹಿಂದೆ ಎಂದಿಟ್ಟುಕೊಳ್ಳಿ. ಅದರ ಹೆಸರು ಸುದೃಶ್ಯಪುರ. ಶ್ರೀಮನ್ಮಹಾರಾಜಾಧಿರಾಜ ದೃಷ್ಟಿವರ್ಧನ ಪ್ರಭುಗಳು ಅದನ್ನು ಆಳುತ್ತಿದ್ದರು. ಅಂದರೆ ಅರಮನೆಯ ಉಪ್ಪರಿಗೆಯಲ್ಲಿ ತೂಗುಯ್ಯಾಲೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗೆ ತಾಯಿಬೆಟ್ಟ. ಬೆಟ್ಟ ಕಾಣದಿದ್ದರೆ ಪ್ರಭುಗಳಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಆಸ್ಥಾನದಲ್ಲೊಂದು ಪದ್ಧತಿ. ರಾಜರಿಗೆ ಯಾರೂ ಬೆನ್ನು ತೋರಿಸುವಂತಿಲ್ಲ. ಬಂದವರು ಹೋಗುವಾಗ ಮುಖವನ್ನು ರಾಜರ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ನಡೆಯಬೇಕು. ಮಂತ್ರಿಗಳು ಈ ನಡಿಗೆಯಲ್ಲಿ ಎಷ್ಟು ಪಳಗಿದ್ದರೆಂದರೆ ಮನೆಗೂ ಹಾಗೆಯೇ ಹೋಗುತ್ತಿದ್ದರು. ರಾಜ್ಯವೂ ಹಾಗೆಯೇ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಅದರ ಪ್ರಗತಿ ವರದಿ ಅಚ್ಚಾಗುತ್ತಿತ್ತು.

ಒಂದು ಬೆಳಿಗ್ಗೆ ಬೆಟ್ಟದ ಸೊಂಟದಲ್ಲಿ ಏನೋ ಥಳಥಳ ಹೊಳೆದು ಪ್ರಭುಗಳ ಕಣ್ಣಿಗೆ ಚುಚ್ಚಿತು. ವಿಚಾರಿಸಿದಾಗ ಅದು ತಗಡಿನ ಶೆಡ್ಡು ಎಂದೂ, ಒಳಗೆ ಜಲ್ಲಿ ಕ್ರಷರ್ ಇದೆಯೆಂದೂ ತಿಳಿಯಿತು. ಅದು ಪಟ್ಟದ ರಾಣಿಯವರ ತಮ್ಮ ಜಲ್ಲಿದೇವನದು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ನಮ್ಮ ಭೂದೃಶ್ಯಕ್ಕೆ ಭಂಗ!" ಎಂದು ಪ್ರಭುಗಳು ಗುಡುಗಿದರು. "ಇಂದೇ ಪ್ರಕೃತಿಯನ್ನು ರಕ್ಷಿಸತಕ್ಕದ್ದು!"

"ಊಟಕ್ಕೆ ಮುಂಚೆಯೋ, ಆಮೇಲೋ, ಪ್ರಭು?" ಎಂದು ಮಂತ್ರಿ ಅನುಮೋದಕೀರ್ತಿ ಕೈಮುಗಿದ. ಜೀವಮಾನದಲ್ಲಿ ಯಾವುದಕ್ಕೂ ಇಲ್ಲ ಎಂದವನಲ್ಲ ಆತ.

ಕೂಡಲೇ ಯೋಜನಾಧಿಕಾರಿ ರೇಖಾಧರನಿಗೆ ಸ್ಥಳೀಯ ಭೂಬಳಕೆಯ ಮಾಸ್ಟರ್ ಪ್ಲಾನ್ ಬರೆಯಲು ಅಪ್ಪಣೆಯಾಯಿತು. ಅವನು ಸರಪಳಿ, ಕೊಡೆ, ನೀರಿನ ಬಾಟಲಿ ಎಲ್ಲ ಹಿಡಿದು ಬೆಟ್ಟಕ್ಕೆ ಹೊರಟವನು ಬಿಸಿಲು ನೋಡಿ ಅರಮನೆಗೇ ವಾಪಸಾದ. ಉಯ್ಯಾಲೆಯ ಪಕ್ಕದಲ್ಲಿ ಚಾಪೆ ಹಾಸಿ, ಅಲ್ಲಿಂದಲೇ ಸರ್ವೆ ಮುಗಿಸಿದ. ಉಯ್ಯಾಲೆಯಿಂದ ಕಂಡದ್ದು ಸುಂದರ, ಸುಂದರವಾದದ್ದು ರಕ್ಷಿತ, ಕಾಣದ್ದು ‘ಇತರೆ’. ಇದು ಕಾಯಿದೆಯ ಒಂದನೇ ಕಲಂ. ಆದರೆ ಉಯ್ಯಾಲೆ ಒಂದೆಡೆ ನಿಲ್ಲುತ್ತದೆಯೇ? ಮುಂದಕ್ಕೆ ಜೀಕಿದಾಗ ಬೆಟ್ಟದ ಬುಡದ ಎರಡು ಹುಣಸೆ ಮರ ಕಾಣುತ್ತಿದ್ದವು, ಹಿಂದಕ್ಕೆ ಜೀಕಿದಾಗ ಮರೆಯಾಗುತ್ತಿದ್ದವು. ಆ ಎರಡು ಮರಗಳನ್ನು ಬಫರ್ ವಲಯವೆಂದು ಘೋಷಿಸಿ, ಪ್ರಭುಗಳು ಮುಂದಕ್ಕೆ ಜೀಕುವಾಗ ಅವನ್ನು ಕಡಿಯಬಾರದು ಎಂದು ಬರೆಯಲಾಯಿತು.

ತಗಡಿನ ಶೆಡ್ಡನ್ನು ಕಿತ್ತುಹಾಕಿದರು. ಬೆಟ್ಟದ ಹಿಂದಿನ ಮಗ್ಗುಲಲ್ಲಿದ್ದ ಬೆನ್ನೂರಿನ ಜನ ಹಿಗ್ಗಿಹೋದರು. ಬೆಟ್ಟದ ಬುಡದ ಒರತೆಯೇ ಆ ಊರಿನ ಜೀವ. ಕುಡಿಯಲು ಅದೇ, ದನಕ್ಕೆ ಅದೇ, ಸೊಪ್ಪಿನ ಮಡಿಗೆ ಅದೇ. ಸೊಪ್ಪು ಬೆಳೆದು ಮಾರುವ ಹೊಂಬಾಳಮ್ಮ ಎಂಬ ಮುದುಕಿ ದಂಟು, ಸಬ್ಬಸಿಗೆ, ಮೆಂತ್ಯ ಕಟ್ಟಿಕೊಂಡು ಹೋಗಿ ಅರಮನೆಯ ಬಾಗಿಲಲ್ಲಿಟ್ಟು, "ನಮ್ಮ ಬೆಟ್ಟ ಉಳಿಸ್ದ ದೊರೆ ನೂರು ಕಾಲ ಬಾಳ್ಲಿ" ಎಂದು ನೆಟಿಕೆ ಮುರಿದು ಬಂದಳು. ಪಾಪ, ಮನಸಾರೆ ಮುರಿದಳು.

ಇತ್ತ ಅಂತಃಪುರದಲ್ಲಿ ರಾಣಿಯವರು ಮುಸುಕು ಹೊದ್ದು ಮಲಗಿದರು.

"ನನ್ನ ತಮ್ಮ ಬೀದಿಗೆ ಬೀಳ್ಬೇಕೇನ್ರಿ? ನಿಮಗೆ ಕಲ್ಲು ಹೆಚ್ಚೋ, ಕಟ್ಟಿಕೊಂಡವಳು ಹೆಚ್ಚೋ?"

ಪ್ರಭುಗಳು ಶತ್ರುಸೈನ್ಯಕ್ಕೆ ಹೆದರಿದವರಲ್ಲ. ಆದರೆ ರಾತ್ರಿಯೂಟಕ್ಕೆ ಬರೀ ಮಜ್ಜಿಗೆ ಬಂದಾಗ ಧೃತಿಗೆಟ್ಟರು. ಮಂತ್ರಿ ಮಾಸ್ಟರ್ ಪ್ಲಾನನ್ನು ತಿರುವಿ ಹಾಕಿ ನಸುನಕ್ಕ.

"ಪ್ರಭು, ಕಾಯಿದೆ ಬೆಟ್ಟದ ಎದುರು ಮಗ್ಗುಲನ್ನು ಮಾತ್ರ ರಕ್ಷಿಸುತ್ತದೆ. ಹಿಂದಿನ ಮಗ್ಗುಲು ಉಯ್ಯಾಲೆಗೆ ಕಾಣುವುದಿಲ್ಲ. ಕಾಣದ್ದು ಇತರೆ. ಇತರೆಯಲ್ಲಿ ಜಲ್ಲಿ ಒಡೆದರೆ ಪ್ರಕೃತಿಗೆ ನೋವಾಗುವುದು ಹೇಗೆ?"

"ನಮ್ಮ ಕಾಫಿಗೆ?"

"ಒಂದು ಗುಟುಕಿಗೂ ತೊಂದರೆಯಿಲ್ಲ."

ಹೀಗೆ ಕ್ರಷರ್ ಬೆನ್ನೂರಿನ ತಲೆಯ ಮೇಲೆ ಬಂದು ಕೂತಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಾವು ನಗುತ್ತೇವೆ. ಜಲ್ಲಿದೇವ ಹಿಡಿದದ್ದು ಇಲಿಯಲ್ಲ, ಮೂರಂತಸ್ತಿನ ಮನೆ ಮತ್ತು ಅದಕ್ಕೊಂದು ಈಜುಕೊಳ. ಬೆಟ್ಟ ಹಿಂದಿನಿಂದ ಸವೆಯುತ್ತಾ ಬಂತು. ಎದುರಿನಿಂದ ಮಾತ್ರ ದಿನದಿಂದ ದಿನಕ್ಕೆ ಚೆಂದವಾಯಿತು, ಏಕೆಂದರೆ ಎದುರಿಗೆ ಸಸಿ ನೆಡಲು ಒಂದು ಪ್ರತ್ಯೇಕ ಇಲಾಖೆಯೇ ಇತ್ತು.

ಒರತೆ ಬೆರಳಗಲದ ಧಾರೆಯಾದ ದಿನ ಹೊಂಬಾಳಮ್ಮ ಮತ್ತೆ ಅರಮನೆಗೆ ಬಂದಳು. ಈ ಸಲ ಸೊಪ್ಪಿರಲಿಲ್ಲ.

"ಬುದ್ಧಿ, ಬೆಟ್ಟದ ಬೆನ್ನ ಅಗ್ದಾಕ್ತಾವ್ರೆ. ನಮ್ಮ ಒರತೆ ಬತ್ತೋಯ್ತಾ ಐತೆ. ಇಂಗೇ ಆದ್ರೆ ಮಕ್ಳಿಗೆ ಏನ್ ಕುಡ್ಸದು?"

"ಎಲ್ಲಿ ಅಗೆದಿದೆ, ತೋರಿಸಮ್ಮ," ಎಂದ ಮಂತ್ರಿ. ಆಕೆಯನ್ನು ಉಯ್ಯಾಲೆಯ ಪಕ್ಕ ನಿಲ್ಲಿಸಿದರು. ಎದುರಿಗೆ ತಾಯಿಬೆಟ್ಟ ಹಸಿರು ಉಟ್ಟು ನಿಂತಿತ್ತು. ಆಕೆಗೇ ಒಂದು ಕ್ಷಣ ತನ್ನೂರಿನ ಧೂಳು ಸುಳ್ಳೆನಿಸಿತು.

"ಇಲ್ಲಿಂದ ಕಾಣಾಕಿಲ್ಲ, ಬುದ್ಧಿ. ಇದು ಮೊಕ. ನಾನ್ ಏಳ್ತಿರಾದು ಬೆನ್ನು."

ಮಂತ್ರಿ ಮೆಲ್ಲಗೆ ಎದ್ದ. "ಪ್ರಭುಗಳ ಎದುರಿಗೆ ನಿಂತ ಬೆಟ್ಟಕ್ಕೆ ಬೆನ್ನು? ಈ ಆಸ್ಥಾನದಲ್ಲಿ ಯಾರಿಗಾದರೂ ಬೆನ್ನಿದೆಯೇ?"

"ಇಲ್ಲ, ಇಲ್ಲ!" ಎಂದರು ಸಭಾಸದರೆಲ್ಲ. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ.

"ಅಂಗಾರೆ ನಾವೆಲ್ಲ ಯಾವುದ್ರ ತಪ್ಪಲಲ್ಲಿ ಇದೀವಿ?"

"ಇತರೆಯ ತಪ್ಪಲಲ್ಲಿ," ಎಂದ ರೇಖಾಧರ, ನಕ್ಷೆಯಿಂದ ತಲೆಯೆತ್ತದೆ.

ತಾಯಿಬೆಟ್ಟಕ್ಕೆ ಬೆನ್ನಿಲ್ಲವೆಂದೂ, ಇದೆಯೆನ್ನುವುದು ಬೆಟ್ಟದ ರಾಜನಿಷ್ಠೆಯನ್ನು ಶಂಕಿಸಿದಂತೆ ಎಂದೂ ಅಂದೇ ಡಂಗುರವಾಯಿತು. ಹೊಂಬಾಳಮ್ಮನನ್ನು ಪದ್ಧತಿಯಂತೆ ಹಿಂದಕ್ಕೆ ನಡೆಸಿ ಕಳಿಸಿದರು. ಅಭ್ಯಾಸವಿಲ್ಲದ ಕಾಲು, ಹೊಸ್ತಿಲಿಗೆ ಎಡವಿ ಮುದುಕಿ ಅಂಗಾತ ಬಿದ್ದಳು. ಪ್ರಭುಗಳು ಕರುಣಾಳು, ಹೊಸ್ತಿಲಿಗೆ ಏನೂ ಆಗಲಿಲ್ಲ ತಾನೆ ಎಂದು ವಿಚಾರಿಸಿದರು. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ, ನಿಮಗೆ ಬಂದರೆ ನಕ್ಕುಬಿಡಿ.

ಮುಂದಿನ ಸುಗ್ಗಿಯ ಹೊತ್ತಿಗೆ ಒರತೆ ನಿಂತೇಹೋಯಿತು. ಬೆಟ್ಟ ಹಪ್ಪಳದಷ್ಟು ತೆಳ್ಳಗಾಗಿತ್ತು. ಅದೇ ಹೊತ್ತಿಗೆ ಸುದೃಶ್ಯಪುರದ ಹಸಿರಿನ ಖ್ಯಾತಿ ಹಬ್ಬಿ, ಐದಾರು ದೇಶದ ಅರಸರು ಕೂಡಿ ಪ್ರಭುಗಳಿಗೆ ‘ಭೂದೃಶ್ಯ ಚಕ್ರವರ್ತಿ’ ಎಂಬ ಬಿರುದು ಕೊಡಲು ಬಂದರು. ಉಪ್ಪರಿಗೆಯಲ್ಲಿ ಶಾಮಿಯಾನ, ಓಲಗ, ಬಾದಾಮಿ ಹಾಲು. ಕಿರೀಟ ಪ್ರಭುಗಳ ತಲೆಗೆ ತಾಗುವ ಶುಭಮುಹೂರ್ತಕ್ಕೆ ಸರಿಯಾಗಿ ಆ ಕಡೆ ಜಲ್ಲಿದೇವನ ಸಿಡಿಮದ್ದು ಢಮಾರೆಂದಿತು. ಬೆಟ್ಟದ ನಡುವೆ ಊರಬಾಗಿಲಿನಷ್ಟು ದೊಡ್ಡ ತೂತು ಬಿತ್ತು. ಆಚೆಯ ಆಕಾಶ, ಬೆನ್ನೂರಿನ ಹೆಂಚು, ಖಾಲಿ ಕೊಡ ಹಿಡಿದು ನಿಂತ ಒಬ್ಬ ಹೆಂಗಸು, ಎಲ್ಲ ಕಂಡವು.

ಪ್ರಭುಗಳು ಮಂತ್ರಿಯ ಮುಖ ನೋಡಿದರು.

"ತಾಯಿಬೆಟ್ಟ ಕಣ್ಣು ಬಿಟ್ಟಳು, ಪ್ರಭು!" ಎಂದು ಮಂತ್ರಿ ಸಾಷ್ಟಾಂಗ ಬಿದ್ದ. "ತಮ್ಮ ಕಿರೀಟ ನೋಡಲು!"

ಚಪ್ಪಾಳೆ ಮೊಳಗಿತು. ಪ್ರಭುಗಳು ದುರ್ಬೀನು ತರಿಸಿ ನೋಡಿದರು. "ಆ ಹೆಂಗಸು ಕೈಯೆತ್ತಿ ಏನೋ ಕೂಗುತ್ತಿದ್ದಾಳಲ್ಲ?"

"ಬಹುಪರಾಕು, ಪ್ರಭು."

ಆಕೆ ಕೂಗುತ್ತಿದ್ದದ್ದು ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಮರುದಿನ ರೇಖಾಧರ ಮಾಸ್ಟರ್ ಪ್ಲಾನನ್ನು ತಿದ್ದಿದ. ತೂತಿನ ಮೂಲಕ ಬೆನ್ನೂರು ಈಗ ಉಯ್ಯಾಲೆಗೆ ಕಾಣುತ್ತದೆ. ಕಂಡದ್ದು ಸುಂದರ, ಸುಂದರವಾದದ್ದು ರಕ್ಷಿತ. ರಕ್ಷಿಸಲು ಏನೂ ಉಳಿಯದ ಮೇಲೆ ಬೆನ್ನೂರಿಗೆ ರಕ್ಷಣೆ ಬಂತು. ಇನ್ನು ಅಲ್ಲಿ ಗೋಡೆಗೆ ಬೆರಣಿ ತಟ್ಟುವಂತಿಲ್ಲ, ಹೆಂಚು ಬದಲಿಸುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ. ಕುಡಿಯುವ ನೀರಿಗೆ ಮಾತ್ರ ಪ್ರಭುಗಳು ಉದಾರ ಮನಸ್ಸು ತೋರಿದರು. ತೂತಿನಿಂದ ಈಚೆಗೆ ಬಂದು ಅರಮನೆಯ ಕೊಳದಲ್ಲಿ ತುಂಬಿಕೊಳ್ಳಬಹುದು, ಕೊಡಕ್ಕಿಷ್ಟು ದೃಶ್ಯ ಸಂರಕ್ಷಣಾ ಶುಲ್ಕ ಕಟ್ಟಿ.

ಬರುವಾಗ ತೊಂದರೆಯಿಲ್ಲ, ಮುಖ ಅರಮನೆಯ ಕಡೆಗಿರುತ್ತದೆ. ತುಂಬಿದ ಕೊಡ ಹೊತ್ತು ಊರ ಕಡೆಗೆ ಹೊರಟರೆ ಬೆನ್ನು ಉಯ್ಯಾಲೆಯ ಕಡೆಗೆ! ಆದ್ದರಿಂದ ಬೆನ್ನೂರಿನ ಹೆಂಗಸರು ಕೊಡ ಹೊತ್ತು ಹಿಂದಕ್ಕೆ ನಡೆಯತೊಡಗಿದರು. ಕಲ್ಲು, ಗುಂಡಿ, ಜಲ್ಲಿಯ ರಾಶಿ. ಒಬ್ಬಳು ಬಿದ್ದರೆ ಸಾಲಿಗೆ ಸಾಲೇ ಬೀಳುತ್ತಿತ್ತು.

ಒಂದು ದಿನ ಹೊಂಬಾಳಮ್ಮ ತನ್ನ ಹಸಿರು ಸೀರೆಯನ್ನು ಮಡಿಕೆ ಬಿಚ್ಚಿ ತೂತಿಗೆ ಅಡ್ಡ ಕಟ್ಟಿದಳು. "ದೊರೆ ಕಣ್ಗೆ ನಾವ್ ಬೀಳದಿದ್ರೆ ತಾನೆ, ಮುಂದ್ಕೆ ನೋಡ್ಕಂಡು ನಡ್ಯಬೌದು," ಎಂದಳು. ಸೀರೆ ದಾಟಿದ ಹೆಂಗಸರು ಆ ಬೆಳಿಗ್ಗೆ ನೆಟ್ಟಗೆ ನಡೆದು, ಒಂದು ತೊಟ್ಟೂ ಚೆಲ್ಲದೆ ಮನೆ ಸೇರಿದರು.

ಆದರೆ ಗಾಳಿಗೆ ಬೆಟ್ಟದ ಕಣ್ಣು ಪಟಪಟ ಬಡಿಯುವುದನ್ನು ಪ್ರಭುಗಳು ಕಂಡುಬಿಟ್ಟರು. ರಕ್ಷಿತ ಭೂದೃಶ್ಯದಲ್ಲಿ ಅನಧಿಕೃತ ನಿರ್ಮಾಣ! ಆ ಕಾಯಿದೆಯಡಿ ಸುದೃಶ್ಯಪುರದಲ್ಲಿ ದಾಖಲಾದ ಮೊದಲ ಮತ್ತು ಕೊನೆಯ ಕೇಸು ಹೊಂಬಾಳಮ್ಮನದು. ಸೀರೆ ಜಪ್ತಿಯಾಯಿತು. ತೀರ್ಪು ಓದಿದ ರೇಖಾಧರ, ಬೆಟ್ಟದ ಸಹಜ ಸ್ವರೂಪಕ್ಕೆ ಧಕ್ಕೆ ತಂದವಳು ಎಂಬ ಕಡೆ ಸ್ವಲ್ಪ ದನಿ ಎತ್ತರಿಸಿದನಂತೆ.

ಆಮೇಲೆ ಬೆಳಗಿನ ಕಾಫಿಯ ಹೊತ್ತಿಗೆ ಪರದೇಶದ ಅತಿಥಿಗಳೂ ಉಪ್ಪರಿಗೆಯಲ್ಲಿ ಕೂರುತ್ತಿದ್ದರು. ಬೆಟ್ಟದ ಕಣ್ಣೊಳಗೆ ಹೆಂಗಸರ ಸಾಲು, ತಲೆಯ ಮೇಲೆ ಕೊಡ, ಮುಖ ಅರಮನೆಗೆ, ಹೆಜ್ಜೆ ಹಿಂದಕ್ಕೆ.

"ನೋಡು, ಎಂಥ ವಿನಯ! ಬರೀ ಬೆಟ್ಟವಿದ್ದಾಗ ಇಂಥ ದೃಶ್ಯವಿತ್ತೇ?" ಎನ್ನುತ್ತಿದ್ದರು ಭೂದೃಶ್ಯ ಚಕ್ರವರ್ತಿಗಳು.

"ಇರಲಿಲ್ಲ, ಪ್ರಭು," ಎನ್ನುತ್ತಿದ್ದ ಅನುಮೋದಕೀರ್ತಿ.

ಎಡವಿ, ತುಳುಕಿ, ಮನೆ ಮುಟ್ಟುವಾಗ ಹೊಂಬಾಳಮ್ಮನ ಕೊಡದಲ್ಲಿ ಒಂದು ಚೊಂಬು ನೀರು ಉಳಿದಿರುತ್ತಿತ್ತು. ಶುಲ್ಕ ಮಾತ್ರ ತುಂಬಿದ ಕೊಡಕ್ಕೆ.